ಇಟಲಿಯ ಏರಿನಲ್ಲಿ ಆರು ಕಿಲೋ

ನಿಲಾಯ್, ಮಲೇಷ್ಯಾ, ೧೩ ಜೂನ್ ೨೦೨೧, ಭಾನುವಾರ

ತೂಕ ತೋರಿಸಬೇಕಂತೆ, ನಾನು!

ಲಾಕ್‌ಡೌನಿನ ಬೇಸರ ಕಳೆಯಲು ಕನ್ನಡ ಬಳಗ ನಡೆಸಿದ ಸೈಕಲ್ ಸ್ಪರ್ಧೆಯಲ್ಲಿ ನಾನೇ ಮೊದಲಿಗಳು. ಸೈಕಲ್ಲು ಸ್ಟ್ಯಾಂಡಿಗೆ ಬಿಗಿದು ನಮ್ಮ ಹಾಲಿನಲ್ಲೇ ನಿಂತಿತ್ತು, ನಿಜ. ಆದರೆ ಸವಾರರ ತೂಕ ನೋಡಿ ಲೆಕ್ಕ ಹಾಕುವ ಆ್ಯಪಿನ ಪರದೆಯ ಮೇಲೆ ಇಟಲಿಯ ಬೆಟ್ಟ ಕಡಿದಾದಷ್ಟೂ ಪೆಡಲ್ ಭಾರವಾಗುತ್ತಿತ್ತು. ನನ್ನ ತೊಡೆಗಳು ಇನ್ನೂ ನಡುಗುತ್ತಿವೆ.

ಎರಡನೆಯವನಾದ ಪ್ರಜ್ವಲನ ತಂದೆ ರಾಧಾಕೃಷ್ಣ ಅಂಕಲ್ ಜೂಮಿನಲ್ಲಿ ಎಲ್ಲರೆದುರು ನಕ್ಕರು: “ಆ್ಯಪಲ್ಲಿ ತೂಕ ಕಮ್ಮಿ ಹಾಕಿದ್ರೆ ಬೆಟ್ಟ ಸಲೀಸು. ಅದು ಹತ್ತಿದ್ದು ಸಾಕು ಮಾರಾಯ್ತಿ, ಈಗ ತೂಕದ ಮಿಶಿನ್ ಹತ್ತು ನೋಡುವ!”

ಪ್ರಜ್ವಲನನ್ನು ಯಾರೂ ಹತ್ತಿಸಲಿಲ್ಲ. ತರಗತಿಯಲ್ಲಿ ಎಂದೂ ಎರಡನೆಯ ಸ್ಥಾನಕ್ಕೆ ಇಳಿಯದ ನಾನು ಯಾವ ಪರೀಕ್ಷೆಗೆ ಹೆದರಿದ್ದೇನೆ? ಕ್ಯಾಮೆರಾದ ಮುಂದೆಯೇ ಹತ್ತಿದೆ.

ಐವತ್ತೆಂಟು. ಆ್ಯಪಿನಲ್ಲಿ ಐವತ್ತೆರಡು.

ಪ್ರಶಸ್ತಿ ಪ್ರಜ್ವಲನಿಗೆ ಹೋಯಿತು. ಮೋಸಗಾತಿ ಎಂಬ ಹೆಸರು ನನಗೆ ಉಳಿಯಿತು. ನನ್ನ ಹೆಸರು ನೋಂದಾಯಿಸಿದ್ದ ಅಮ್ಮ ಕರೆ ಮುಗಿದ ಮೇಲೆ ಮೆಲ್ಲಗೆ ಬಾಯಿಬಿಟ್ಟಳು: “ಸಿಟ್ಟು ಮಾಡ್ಬೇಡ ಮಗಾ. ನಾನೇ ಹಾಕಿದ್ದು. ಬಯೋಡೇಟಾದಲ್ಲಿ ಅಷ್ಟೇ ಉಂಟಲ್ಲ, ಎರಡೂ ಕಡೆ ಒಂದೇ ಇರ್ಲಿ ಅಂತ.”

ಸ್ಪರ್ಧೆ ಹಾಳಾಗಲಿ. ಅದೇ ಬೆಟ್ಟವನ್ನು ಐವತ್ತೆಂಟು ಕಿಲೋ ಹೊತ್ತೇ ನಾಳೆ ಹತ್ತಿ ತೋರಿಸಬಲ್ಲೆ. ಆದರೆ ಓದು ಇನ್ನೂ ಮುಗಿಯದ ನನ್ನ ಹೆಸರಿನಲ್ಲಿ, ನನಗೇ ತಿಳಿಯದಂತೆ, ಯಾವ ಬಯೋಡೇಟಾ?