ನೇಗಿಲು ಹಾಯದ ಮೂಲೆ

ಮಕ್ತಲ್
9 ಜೂನ್ 2019

ಪ್ರೀತಿಯ ಶರಣಬಸವ,

ಹೋದ ವರ್ಷ ಯುಗಾದಿಯ ಮರುವಾರ ನಿಮ್ಮ ಉಪಗ್ರಹದ ಕೆಲಸದವರು ನನ್ನ ಹೊಲದಲ್ಲಿ ಗಂಗಾಂಬಿಕಾಳ ಸಮಾಧಿಯನ್ನು ಅಗೆದರು. ಮೂರು ವರ್ಷಕ್ಕೇ ಜ್ವರದಲ್ಲಿ ಹೋದ ನನ್ನ ಮಗಳು. ಅವಳ ತೊಟ್ಟಿಲಿಗೆ ನೀನೂ ಬಂದಿದ್ದೆ. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು. ನಿಮ್ಮ ಕಚೇರಿಗೆ ಬರೆದು, ಉತ್ತರ ಬಂದೀತೆಂದು ಕಾದೆ. ಬರಲಿಲ್ಲ. ಆ ಯೋಜನೆಯಲ್ಲಿ ನೀನು ಹಿರಿಯ ವಿಜ್ಞಾನಿ, ಅದಕ್ಕೂ ಮೊದಲು ನನ್ನ ಗೆಳೆಯ.

ಎರಡು ದೇಶ ಕೂಡಿ ಉಪಗ್ರಹ ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ರಷ್ಯದವರ ನೆರವಿನಿಂದ ನಮ್ಮ ಮೊದಲ ಉಪಗ್ರಹ ಹಾರಿದ ಸುದ್ದಿಯನ್ನು ನಾರಾಯಣಪೇಟೆಯ ಹಾಸ್ಟೆಲಿನಲ್ಲಿ ಒಂದೇ ರೇಡಿಯೊಗೆ ಕಿವಿಗೊಟ್ಟು ಕೇಳಿದವರು ನಾವು. ಆಕಾಶದಿಂದ ಅಳೆದ ತೇವವನ್ನು ನೆಲದ ಮಣ್ಣಿನೊಂದಿಗೆ ತಾಳೆ ನೋಡಬೇಕೆಂದಾಗ, ಬದುವಿನ ಪಕ್ಕ ಅಗೆಯಲು ನಾನೇ ಒಪ್ಪಿದೆ. ಅಗೆಯುವವರ ಜೊತೆ ಪರದೇಶದಿಂದ ಬಂದ ಹುಡುಗಿಗೆ ನನ್ನ ಹೆಂಡತಿ ಅಮರಮ್ಮ ರೊಟ್ಟಿ ಬಡಿಸಿದಳು. ಕೆಂಪು ಚಟ್ನಿಗೆ ಆಕೆಯ ಕಣ್ಣಲ್ಲಿ ನೀರು ಬಂದಾಗ, "ನೀರು ಕುಡೀಬ್ಯಾಡ ತಂಗೀ, ಬೆಣ್ಣಿ ತಿನ್ನು," ಎಂದು ನಕ್ಕಳು.

ಮರುದಿನ ಅವರು ಅಗೆಯುವಾಗ ನಾನೂ ಅಮರಮ್ಮನೂ ಗದ್ವಾಲಕ್ಕೆ ಹೋಗಿದ್ದೆವು. ಮಕ್ಕಳನ್ನು ಹೂಳಿದ ಕಡೆ ನಮ್ಮ ಮನೆತನದಲ್ಲಿ ಕಲ್ಲು ನೆಡುವುದಿಲ್ಲ. ನೇಗಿಲು ಹಾಯಿಸುವುದಿಲ್ಲ, ಅಷ್ಟೇ. ನಿಮ್ಮವರಿಗೆ ಉಳದ ಮಣ್ಣೇ ಒಳ್ಳೆಯದಂತೆ. ಅಗೆಯುವ ಗುತ್ತಿಗೆ ಹಿಡಿದಿದ್ದ ಕಲ್ಯಾಣ್ ಆ ಮೂಲೆಯನ್ನು ತೋರಿಸಿದ.

"ಬೀಳು ಬಿಟ್ಟ ಜಾಗ ಅಂದ್ಕೊಂಡ್ವಿ ಮಾಸ್ತರ. ಒಂದು ಕಲ್ಲರ ಇಟ್ಟಿದ್ರ ತಿಳೀತಿತ್ತು," ಎಂದ, ನಾವು ತಿರುಗಿ ಬಂದು ಕೇಳಿದಾಗ.

"ಕಲ್ಲಿಗೆ ಬಾಯಿ ಐತೇನಲೇ? ನಿನಗಿತ್ತಲ್ಲ, ಕೇಳಾಕ," ಎಂದೆ.

ಆ ಮಣ್ಣನ್ನು ಪಾಲು ಮಾಡಿ ಒಂದನ್ನು ನಿಮ್ಮ ಪ್ರಯೋಗಾಲಯಕ್ಕೆ, ಇನ್ನೊಂದನ್ನು ಸಮುದ್ರದಾಚೆಗೆ ಕಳಿಸಿದ್ದಾರೆ. ಎರಡೂ ಕಡೆಯ ಅಳತೆ ಹೊಂದಬೇಕಂತೆ. ಹೊಂದಿತೆಂದು ಮೊನ್ನೆ ನಾರಾಯಣಪೇಟೆಯಲ್ಲಿ ನಡೆದ ನಿಮ್ಮ ಯೋಜನೆಯ ಸಭೆಯಲ್ಲಿ ಚಪ್ಪಾಳೆ ಹೊಡೆದರು. ನಾನು ಎದ್ದು ನಿಂತೆ. "ಕೂಡ್ರಿ ಮಾಸ್ತರ, ಊಟ ಆರಾಕತ್ತೈತಿ," ಎಂದು ಕೂಡಿಸಿದರು.

ನಿನ್ನ ಮನೆಮಂದಿ ತಣ್ಣಗಿರಲಿ. ಮೊಮ್ಮಗಳಿಗೆ ನಮ್ಮಿಬ್ಬರ ಆಶೀರ್ವಾದ.

ನಿನ್ನ
ದೇವೇಂದ್ರಪ್ಪ

ಮತ್ತೊಂದು ಮಾತು: ಪ್ರತಿ ಎಳ್ಳಮಾವಾಸ್ಯೆಗೆ ಅಮರಮ್ಮ ಆ ಮೂಲೆಯಲ್ಲಿ ಮಗಳಿಗೆ ಎಡೆ ಇಡುತ್ತಿದ್ದಳು. ಈ ಸಲ ಎಡೆ ಹಿಡಿದು ಹೊಸ್ತಿಲಲ್ಲೇ ನಿಂತಳು. "ಯಾ ದಿಕ್ಕಿಗೆ ಇಡ್ಲಿರೀ? ಕೂಸು ಇಲ್ಲೈತೋ, ಆ ದೇಶದಾಗೈತೋ?" ಅಂದಳು. ಆಮೇಲೆ ಹೊಲಕ್ಕೆ ಹೋಗಿಲ್ಲ. ಇದಕ್ಕೆ ನೀನು ನನಗೊಬ್ಬನಿಗೇ ಗುಟ್ಟಾಗಿ ಬರೆಯಬೇಡ. ಎರಡೂ ದೇಶದವರು ಇಲ್ಲಿಗೆ ಬಂದು, ನಾಲ್ಕು ಜನರ ಮುಂದೆ ನಿಂತು, ಅವಳಿಗೆ ಹೇಳಲಿ: ಆ ಮಣ್ಣು ಈಗ ಎಲ್ಲಿದೆ?