ತಟ್ಟೆ ತುಂಬ ಪುಟ್ಟ ಲೋಟಗಳು

ದೊಡ್ಡಬಳ್ಳಾಪುರ
೨೦-೯-೧೯೯೪

ಕರ್ತನಲ್ಲಿ ನನ್ನ ಪ್ರೀತಿಯ ಸುಗುಣಾ,

ನಿನಗೂ ತುಮಕೂರಿನ ನಿನ್ನ ಮನೆಯವರೆಲ್ಲರಿಗೂ ನನ್ನ ವಂದನೆಗಳು. ನಿನ್ನ ಕಾಗದ ಬಂದು ಮಳೆಗಾಲವೇ ಮುಗಿಯುತ್ತ ಬಂತು. ಮುನಿಸಿಕೊಂಡಿರುತ್ತೀಯ, ಗೊತ್ತು. ಮುನಿಸಿಕೋ, ಆದರೆ ಇದನ್ನು ಪೂರ್ತಿ ಓದಿದ ಮೇಲೆ ಮುನಿಸಿಕೋ. ಎರಡು ಸಲ ಇನ್‌ಲ್ಯಾಂಡ್ ಲೆಟರ್ ತರಿಸಿಕೊಂಡು ಕೂತೆ. ಎರಡು ಸಲವೂ "ನಾವೆಲ್ಲ ಕ್ಷೇಮ" ಎಂದು ಬರೆದ ಮೇಲೆ ಕೈ ಮುಂದಕ್ಕೆ ಹೋಗಲಿಲ್ಲ. ಹೆಸರಿಗೆ ಸುವಾರ್ತೆ, ಬಾಯಿ ಬಿಟ್ಟರೆ ಬರೀ ದೂರು ಎಂದು ಬೋರ್ಡಿಂಗಿನಲ್ಲಿ ನನ್ನನ್ನು ಅಣಕಿಸುತ್ತಿದ್ದೆಯಲ್ಲ, ಆ ಬುದ್ಧಿ ಇನ್ನೂ ಹೋಗಿಲ್ಲ ಎಂದು ತಿಳಿದುಕೋ. ಇವತ್ತು ದೊಡ್ಡ ಹಾಳೆಯನ್ನೇ ತೆಗೆದುಕೊಂಡಿದ್ದೇನೆ.

ಮೊದಲು ಮನೆಯ ಸಮಾಚಾರ. ನನ್ನ ಮಂಡಿ ನೋವು ಇದ್ದ ಹಾಗೇ ಇದೆ. ಜಯಪಾಲನಿಗೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ಬಡ್ತಿ ಸಿಕ್ಕಿದೆ. ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ್ದಾನೆ, ನಾನೂ ಅವರ ಜೊತೆಗೇ ಇದ್ದೇನೆ. ಸೊಸೆ ಐರಿನ್ ಮನೆಯನ್ನು ಕನ್ನಡಿಯ ಹಾಗೆ ಇಟ್ಟಿದ್ದಾಳೆ, ಕಾಲಿಡಲು ನನಗೇ ಹೆದರಿಕೆ. ನಿನ್ನ ಕೈಯಲ್ಲಿ ಹೆರಿಗೆಯಾದ ಕೂಸು, ಮೊಮ್ಮಗಳು ಶರೋನ್ ಬಿ.ಕಾಂ. ಮುಗಿಸಿ ಟೈಪಿಂಗ್ ಕಲಿಯಲು ಹೋಗುತ್ತಿದ್ದಾಳೆ. ನನ್ನ ತಲೆ ಬಾಚುವವಳು ಈಗಲೂ ಅವಳೇ.

ನಮ್ಮ ಸಭೆ ಹೇಗಿದೆ ಎಂದು ಕೇಳಿದ್ದೆ. ತುಂಬಿ ತುಳುಕುತ್ತಿದೆ ಕಣೇ! ನೀನು ಕಂಡಿದ್ದ ಆ ಹೆಂಚಿನ ಚರ್ಚು ಈಗಿಲ್ಲ. ಕಾರ್ಖಾನೆಗಳು ಎದ್ದ ಮೇಲೆ ಕೋಲಾರದ ಕಡೆಯಿಂದ, ಮದ್ರಾಸಿನ ಕಡೆಯಿಂದ, ಕೇರಳದಿಂದ ಎಷ್ಟೋ ಕ್ರೈಸ್ತರು ಬಂದು ಸೇರಿದರು. ಮೊದಮೊದಲು ನನ್ನಷ್ಟು ಹಿಗ್ಗಿದವರು ಯಾರೂ ಇರಲಿಲ್ಲ. ಚಾಪೆ ಹೋಗಿ ಬೆಂಚು ಬಂತು, ಹಾರ್ಮೋನಿಯಂ ಹೋಗಿ ಕೀಬೋರ್ಡ್ ಬಂತು. ಒಂಬತ್ತು ಗಂಟೆಗೆ ಇಂಗ್ಲಿಷ್ ಆರಾಧನೆ ಶುರುವಾಯಿತು, ನಮ್ಮ ಕನ್ನಡ ಆರಾಧನೆಯನ್ನು ಬೆಳಗಿನ ಏಳಕ್ಕೆ ತಳ್ಳಿದರು. ಹೋಗಲಿ, ದೇವರಿಗೇನು ನಿದ್ದೆಯೇ ಎಂದು ಸುಮ್ಮನಾದೆ. ತಿಂಗಳ ಮೊದಲನೆಯ ಭಾನುವಾರ ಮಾತ್ರ ಎರಡೂ ಕಡೆಯವರು ಒಟ್ಟಿಗೆ ಕೂಡಿ ಕರ್ತನ ಭೋಜನ ತೆಗೆದುಕೊಳ್ಳುತ್ತಿದ್ದೆವು. ಒಂದೇ ರೊಟ್ಟಿ, ಒಂದೇ ಬೆಳ್ಳಿ ಪಾತ್ರೆಯಿಂದ ಎಲ್ಲರಿಗೂ ಒಂದೊಂದು ಗುಟುಕು ದ್ರಾಕ್ಷಾರಸ. ಅದೊಂದು ಉಳಿದಿರುವ ತನಕ ಬೇರೆ ಏನು ಹೋದರೂ ಪರವಾಗಿಲ್ಲ ಎಂದುಕೊಂಡಿದ್ದೆ.

ಕಾಲೋನಿಯ ಮಾರಕ್ಕ ನಿನಗೆ ನೆನಪಿರಬೇಕು. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಮರಿಯಮ್ಮ, ಆದರೆ ಹಾಗೆ ಯಾರೂ ಕರೆಯಲಿಲ್ಲ. ಕೂಲಿ ಮಾಡಿ ಬಾಳಿದ ಹೆಂಗಸು, ಎಲೆಅಡಿಕೆ ಹೊಗೆಸೊಪ್ಪು ಇಲ್ಲದೆ ಅರ್ಧ ಗಂಟೆ ಇರಲಾರಳು. ಆದರೆ ಭೋಜನದ ಹಿಂದಿನ ದಿನದಿಂದಲೇ ಎಲೆ ಮುಟ್ಟುವುದಿಲ್ಲ. ಭಾನುವಾರ ಎಲ್ಲರಿಗಿಂತ ಮೊದಲು ಬಂದು, ಚರ್ಚಿನ ಬಾವಿಕಟ್ಟೆಯಲ್ಲಿ ಕೂತು, ಉಪ್ಪು ಇದ್ದಿಲು ಹಾಕಿ ಹಲ್ಲು ತಿಕ್ಕಿ ಬಾಯಿ ಮುಕ್ಕಳಿಸುತ್ತಾಳೆ. "ಕರ್ತನ್ ಪಾತ್ರೆಗೆ ಬಾಯಿ ಇಕ್ಕೋದು ಅಂದ್ರೆ ಸುಮ್ನೇನಾ ಟೀಚರಮ್ಮ" ಅನ್ನುತ್ತಾಳೆ. ನಾವು ಹಲ್ಲುಪುಡಿ ಹಾಕಿ ಎರಡು ತಿಕ್ಕು ತಿಕ್ಕಿ ಬಂದವರು, ಅವಳ ಮುಂದೆ ಏನು ಮಾತಾಡುವುದು?

ಹೋದ ವರ್ಷ ಜಯಪಾಲನ ಕಾರ್ಖಾನೆಗೆ ಹೊಸ ಮ್ಯಾನೇಜರು ಬಂದರು, ಬೆಂಜಮಿನ್ ಅಂತ. ಬೆಂಗಳೂರಿನವರು. ಒಂದು ಭಾನುವಾರ ಅವರ ಹೆಂಡತಿ ಮೊಣಕಾಲೂರಿದ್ದು ಮಾರಕ್ಕನ ಪಕ್ಕದಲ್ಲಿ. ಮಾರಕ್ಕ ಕುಡಿದ ಮೇಲೆ ಪಾದ್ರಿ ಅಯ್ಯನವರು ಎಂದಿನಂತೆ ಅಂಚು ಒರೆಸಿ, ಪಾತ್ರೆ ತಿರುಗಿಸಿ ಆಯಮ್ಮನ ಮುಂದೆ ಹಿಡಿದರು. ಆಯಮ್ಮ ಕರ್ಚೀಫು ತೆಗೆದು ತಾನೊಮ್ಮೆ ಒರೆಸಿದಳು. ಆಮೇಲೂ ಕುಡಿಯಲಿಲ್ಲ, ಮೂಗಿನ ಹತ್ತಿರ ತಂದ ಹಾಗೆ ಮಾಡಿ ತಲೆ ತಗ್ಗಿಸಿಕೊಂಡಳು. ನಾನು ಈಚೆ ಪಕ್ಕದಲ್ಲೇ ಇದ್ದೆ, ಎಲ್ಲವನ್ನೂ ನೋಡಿದೆ.

ಅಲ್ಲಿಂದ ಮಾತು ಶುರುವಾಯಿತು. ಕಾಮಾಲೆಯಂತೆ, ಕ್ಷಯವಂತೆ, ಬೆಂಗಳೂರಿನ ಚರ್ಚುಗಳಲ್ಲೆಲ್ಲ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಲೋಟವಂತೆ. ನೀನು ಆಸ್ಪತ್ರೆಯಲ್ಲಿ ಆಯಸ್ಸು ಸವೆಸಿದವಳು, ಒಬ್ಬರ ಬಾಯಿಂದ ಒಬ್ಬರಿಗೆ ರೋಗ ಬರುತ್ತದೆ ಎಂದರೆ ನಿನ್ನ ಮುಂದೆ ನಾನು ಇಲ್ಲ ಎನ್ನಲಾರೆ. ಆದರೆ ನೀನೇ ಹೇಳು ತಾಯಿ, ಆ ರೋಗ ಕಾಲೋನಿಯಿಂದ ಲೇಔಟಿಗೆ ಮಾತ್ರ ಬರುತ್ತದೆಯೋ? ಮ್ಯಾನೇಜರ ಬಾಯಿಂದ ಮಾರಕ್ಕನ ಬಾಯಿಗೆ ಹೋಗುವುದಿಲ್ಲವೋ? ಮಾರಕ್ಕನ ಆರೋಗ್ಯದ ಬಗ್ಗೆ ಕಮಿಟಿಯಲ್ಲಿ ಯಾರಿಗೂ ಚಿಂತೆ ಹತ್ತಲಿಲ್ಲ ನೋಡು.

ಜುಲೈ ತಿಂಗಳಲ್ಲಿ ಸಭೆಯ ಕಮಿಟಿ ಕೂಡಿತು. ನಾನು ಸ್ತ್ರೀಯರ ಕೂಟದ ಪರವಾಗಿ ಹೋಗಿದ್ದೆ. ಪುಟ್ಟ ಲೋಟಗಳ ವಿಷಯವನ್ನು ಮ್ಯಾನೇಜರು ಎತ್ತುತ್ತಾರೆ, ಎತ್ತಿದರೆ ಹೀಗೆ ಹೀಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಕೂತಿದ್ದೆ. ಮ್ಯಾನೇಜರು ತುಟಿ ಬಿಚ್ಚಲಿಲ್ಲ. ಎದ್ದು ನಿಂತವನು ನನ್ನ ಮಗ.

"ಕಾಲ ಬದಲಾಗಿದೆ ಅಯ್ಯನವರೇ. ಹತ್ತು ಜನ ಓದಿದೋರು ಬರ್ತಿದಾರೆ ಅಂದ್ಮೇಲೆ ನಾವೂ ಸ್ವಲ್ಪ ನೀಟಾಗಿರ್ಬೇಕು. ಆಗಸ್ಟಿಂದ ಸಣ್ಣ ಲೋಟ ಮಾಡ್ಬಿಡೋಣ" ಎಂದ.

ಅಯ್ಯನವರು ಒಳ್ಳೆಯವರು, ಆದರೆ ಬಹಳ ಮೆತ್ತಗಿನವರು. "ಎಲ್ಲರ ಮನಸ್ಸು ಹೇಗೋ ಹಾಗೆ" ಎಂದುಬಿಟ್ಟರು.

ನಾನು ಎದ್ದೆ. ನನ್ನ ತಾತನ ವಿಷಯ ಹೇಳಬೇಕೆಂದಿದ್ದೆ. ನಿನಗೆ ಗೊತ್ತಲ್ಲ, ಸಾಸಲಿನ ಕಡೆ ಊರ ದೊಡ್ಡವರ ಹೊಲದಲ್ಲಿ ಜೀತಕ್ಕಿದ್ದವರು. ಮಜ್ಜಿಗೆ ಹೊಯ್ಯುತ್ತಿದ್ದದ್ದು ತೆಂಗಿನ ಚಿಪ್ಪಿಗೆ, ಅದೂ ಮಾರು ದೂರದಿಂದ. ಕೇರಿಯವರೆಲ್ಲ ಸೇರಿದರೆಂದು ತಾನೂ ಸಭೆಗೆ ಸೇರಿದವರು. ಮೊದಲ ಸಲ ಭೋಜನಕ್ಕೆ ಹೋದಾಗ ಇವರು ಕುಡಿದ ಪಾತ್ರೆಯನ್ನೇ ಮಿಷನ್ನಿನ ದೊರೆ ತನ್ನ ಬಾಯಿಗಿಟ್ಟು ಮಿಕ್ಕಿದ್ದನ್ನು ಕುಡಿದನಂತೆ. "ಪ್ರಸಂಗ ನಂಗೊಂದಿಷ್ಟೂ ತಿಳೀಲಿಲ್ಲ ಮಗಾ, ಆ ಪಾತ್ರೆ ತಿಳೀತು" ಎಂದು ಸಾಯುವ ತನಕ ಹೇಳುತ್ತಿದ್ದರು. ನಾವು ಕ್ರೈಸ್ತರಾಗಿ ಉಳಿದದ್ದು ಅದೊಂದೇ ಕಾರಣಕ್ಕೆ.

ಆದರೆ "ನಮ್ಮ ತಾತನ ಕಾಲದಲ್ಲಿ" ಎಂದು ನಾನು ಬಾಯಿ ತೆರೆದೆನೋ ಇಲ್ಲವೋ, ಜಯಪಾಲ, "ಅಮ್ಮಾ, ಕೂತ್ಕೋ! ತಾತ ಗೀತ ಎಲ್ಲಾ ಇಲ್ಲಿ ಬೇಡ!" ಎಂದು ಗದರಿದ. ಅಷ್ಟು ಜನರೆದುರಿಗೆ. ಅವನ ಮುಖ ಬಿಳಿಚಿಕೊಂಡಿತ್ತು. ಮಗ ನನ್ನನ್ನು ಎಂದೂ ಹಾಗೆ ಗದರಿದವನಲ್ಲ. ಕೂತುಬಿಟ್ಟೆ. ಕೈ ಎತ್ತಿಸಿದರು, ಮುಗಿಯಿತು. ಕಾಲೋನಿಯವರಲ್ಲಿ ಒಬ್ಬರೂ ಇರಲಿಲ್ಲ, ಕೆಲಸದ ದಿನ ಸಂಜೆ ಕರೆದ ಕಮಿಟಿಗೆ ಕೂಲಿಯವರು ಹೇಗೆ ಬಂದಾರು?

ಆಗಸ್ಟಿನ ಮೊದಲ ಭಾನುವಾರ ಅಲ್ಯೂಮಿನಿಯಂ ತಟ್ಟೆಯ ತುಂಬ ಬೆರಳುದ್ದದ ಲೋಟಗಳು ಬಂದವು. ಬೆಳ್ಳಿ ಪಾತ್ರೆ ಬೀರು ಸೇರಿತು. ಮಾರಕ್ಕನಿಗೆ ಯಾರೂ ಹೇಳಿರಲಿಲ್ಲ. ಪಾಪ, ಅವತ್ತೂ ಬಾವಿಕಟ್ಟೆಯಲ್ಲಿ ಕೂತು ಬಾಯಿ ತೊಳೆದುಕೊಂಡೇ ಬಂದಿದ್ದಳು. ತಟ್ಟೆ ಎದುರಿಗೆ ಬಂದಾಗ ಅದನ್ನು ನೋಡಿದಳು, ಅಯ್ಯನವರನ್ನು ನೋಡಿದಳು.

"ಅಯ್ನೋರೇ, ಪಾತ್ರೆ ಎಲ್ಲೈತೆ?" ಎಂದಳು, ಎಲ್ಲರಿಗೂ ಕೇಳುವಂತೆ.

"ತಗೊಳ್ಳಮ್ಮ, ಇದೂ ಅದೇ" ಎಂದರು ಅಯ್ಯನವರು, ತಲೆ ಎತ್ತದೆ.

ಅವಳು ತೆಗೆದುಕೊಳ್ಳಲಿಲ್ಲ. ತಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಎದ್ದು ಹೋದಳು. ಪಕ್ಕದಲ್ಲಿದ್ದ ನಾನು ಏನು ಮಾಡಲಿ? ನಾನೂ ತೆಗೆದುಕೊಳ್ಳದೆ ಎದ್ದು ಅವಳ ಹಿಂದೆ ಹೋದೆ. ಹೊರಗೆ ಹುಣಸೆಮರದ ಕೆಳಗೆ ನಿಂತಿದ್ದಳು. "ಟೀಚರಮ್ಮ, ನಿಜ ಹೇಳ್ಬುಡಿ, ನನ್ ಬಾಯಿ ಅಷ್ಟೊಂದು ಗಲೀಜಾ?" ಎಂದು ಕೇಳಿದಳು. ನಲವತ್ತು ವರ್ಷ ಪಾಠ ಹೇಳಿದವಳು ನಾನು, ಸೆರಗಿನಿಂದ ಕನ್ನಡಕ ಒರೆಸುತ್ತ ನಿಂತೆ.

ಅದರ ಮಾರನೆಯ ವಾರದಿಂದ ಮಾರಕ್ಕ ಬರಲಿಲ್ಲ. ಅವಳ ಮಗ ಸೊಸೆ ಬರಲಿಲ್ಲ. ಒಂದೊಂದೇ ಮನೆ ಎಂದು ಕಾಲೋನಿಯೇ ನಿಂತುಹೋಯಿತು. ಬಾಶೆಟ್ಟಿಹಳ್ಳಿ ಕಡೆ ಸಿಮೆಂಟ್ ಶೀಟಿನ ಶೆಡ್ಡಿನಲ್ಲಿ ಹೊಸ ಪ್ರಾರ್ಥನಾ ಮಂದಿರವೊಂದು ಎದ್ದಿದೆ. ಅಲ್ಲಿನ ಪಾಸ್ಟರು ವ್ಯಾನು ಕಳಿಸಿ ಕರೆಸಿಕೊಳ್ಳುತ್ತಾನೆ. ನಾನೂ ಒಂದು ಭಾನುವಾರ ಹೋಗಿ ನೋಡಿದೆ. ಅಯ್ಯೋ, ಆ ಮೈಕೇ, ಆ ಡ್ರಮ್ಮೇ, ಕಿವಿ ತೂತು ಬೀಳಬೇಕು! ಹಳೆಯ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ ಎಂದು ಎಲ್ಲರನ್ನೂ ತೊಟ್ಟಿಯಲ್ಲಿ ಮುಳುಗಿಸಿ ಎಬ್ಬಿಸಿದ್ದಾನೆ. ನಮ್ಮ ಹಿಂದಿನ ಅಯ್ಯನವರುಗಳು ಹಾಕಿದ ನೀರೆಲ್ಲ ಸುಳ್ಳಾಯಿತು. ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದ ಮೇಲೆ ಮಾರಕ್ಕನನ್ನು ಬೈಯಲೆಂದೇ ಹಿಡಿದು ನಿಲ್ಲಿಸಿದೆ.

"ಅವ್ರೇನಂತಾರೋ ನಂಗೊಂದೂ ತಿಳಿಯಾಕಿಲ್ಲ ಟೀಚರಮ್ಮ" ಎಂದಳು. "ಆದ್ರೆ ವ್ಯಾನ್ ಇಳಿದೇಟ್ಗೆ ಕೈ ಹಿಡ್ಕಂಡು 'ಬಾ ತಾಯಿ' ಅಂತಾರೆ. ನಮ್ ಚರ್ಚ್ನಾಗೆ ಯಾರಂದ್ರು, ನೀವೇ ಹೇಳಿ?"

ಬಸ್ಸು ಹತ್ತಿ ಮನೆಗೆ ಬಂದೆ.

ಅಯ್ಯನವರನ್ನು ಕೇಳಿದರೆ, "ಒಟ್ಟಿನ ಮೇಲೆ ಸಂಖ್ಯೆ ಬೆಳೀತಿದೆ ಅಮ್ಮ" ಎನ್ನುತ್ತಾರೆ. ಏನು ಬೆಳೆಯುತ್ತಿದೆ, ಮಣ್ಣು! ಮ್ಯಾನೇಜರಿಗೆ ವರ್ಗವಾದರೆ ಗಂಟುಮೂಟೆ ಕಟ್ಟುತ್ತಾರೆ. ಅವರ ಮಕ್ಕಳು ಈಗಲೇ ಬೆಂಗಳೂರಿನ ದೊಡ್ಡ ಚರ್ಚುಗಳಿಗೆ ಹೋಗುತ್ತಾರೆ. ಕಾಲೋನಿಯವರು ಶೆಡ್ಡಿನಿಂದ ವಾಪಸ್ಸು ಬರುವವರಲ್ಲ, ಆ ಪಾಸ್ಟರಿಗೂ ನಾಳೆ ಇನ್ನೊಬ್ಬನ ಜೊತೆ ಜಗಳವಾಗಿ ಶೆಡ್ಡು ಎರಡಾಗುತ್ತದೆ. ನಾವು ಸತ್ತಾಗ ಹಾಡಿ ಹೂಳುವುದಕ್ಕೆ ನಾಲ್ಕು ಜನ ಕನ್ನಡದವರು ಸಿಕ್ಕರೆ ಪುಣ್ಯ. ಇದನ್ನೆಲ್ಲ ಮಾಡಿದವರು ಹೊರಗಿನವರು ಎಂದಾದರೂ ಬೈದುಕೊಂಡು ಹಗುರಾಗುತ್ತಿದ್ದೆ. ಮಾಡಿದವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಆವತ್ತಿನಿಂದ ನಾನು ಭೋಜನ ತೆಗೆದುಕೊಂಡಿಲ್ಲ. ಜಯಪಾಲನೊಡನೆ ಊಟ ಕಾಫಿಯ ಮಾತು ಬಿಟ್ಟು ಬೇರೆ ಮಾತಿಲ್ಲ.

ಬರೆದು ಬರೆದು ಕೈ ನೋಯುತ್ತಿದೆ. ನಿನ್ನ ಕಣ್ಣಿನ ಆಪರೇಷನ್ ಮುಂದಕ್ಕೆ ಹಾಕಬೇಡ. ನಿನ್ನ ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ, ಮೊಮ್ಮಕ್ಕಳಿಗೆ ಮುತ್ತು. ಕರ್ತನು ನಿನ್ನ ಮನೆಯನ್ನು ಒಂದಾಗಿ ಇಟ್ಟಿರಲಿ, ಬೇರೇನು ಕೇಳಿಕೊಳ್ಳಲಿ ನಿನಗಾಗಿ.

ಇತಿ ನಿನ್ನ
ಸುವಾರ್ತಮ್ಮ

ಮರೆತ ಮಾತು: ಮರೆತದ್ದೇನಲ್ಲ, ಬರೆಯುವುದೋ ಬೇಡವೋ ಎಂದು ಲಕೋಟೆ ಅಂಟಿಸದೆ ಇಟ್ಟಿದ್ದೆ. ಶರೋನ್‌ಗೆ ಗಂಡು ಗೊತ್ತಾಗಿದೆ. ಮ್ಯಾನೇಜರ ತಂಗಿಯ ಮಗ, ಬ್ಯಾಂಕಿನಲ್ಲಿ ಕೆಲಸ. ವರ್ಷದಿಂದ ಮಾತು ನಡೆದಿತ್ತಂತೆ, ನನಗೆ ಹೇಳಿದ್ದು ಹೋದ ವಾರ. ಗಂಡಿನ ಕಡೆಯವರು ನಿಮ್ಮ ಹಿರಿಯರು ಯಾವ ಜನ ಎಂದು ಕೇಳಿದ್ದಕ್ಕೆ, ನಮ್ಮ ತಾತ ಸಾಸಲಿನ ಕಡೆ ಜಮೀನ್ದಾರರಾಗಿದ್ದರು ಎಂದು ಜಯಪಾಲ ಹೇಳಿದ್ದಾನೆ. ಉಳುತ್ತಿದ್ದದ್ದು ನಿಜ, ಯಾರ ಜಮೀನು ಎಂಬುದನ್ನು ಮಾತ್ರ ಹೇಳಿಲ್ಲ. ಆ ಕಮಿಟಿಯಲ್ಲಿ ಅವನು ಯಾಕೆ ಹಾಗೆ ಗದರಿದ ಎಂಬುದು ನನಗೆ ಈಗ ತಿಳಿಯಿತು. ಮಾರಕ್ಕ ಮತ್ತು ಕಾಲೋನಿಯವರು ನಮ್ಮ ನಂಟರು ಎಂದು ಹೇಳುವವರು ಈಗ ಸಭೆಯಲ್ಲಿ ಯಾರೂ ಇಲ್ಲ, ನಾನೊಬ್ಬಳು ಉಳಿದಿದ್ದೇನೆ.

ಅಕ್ಟೋಬರ್ ಮೊದಲನೆಯ ಭಾನುವಾರ ಅವರೆಲ್ಲ ನಮ್ಮ ಚರ್ಚಿಗೆ ಬಂದು, ಒಟ್ಟಿಗೆ ಭೋಜನ ತೆಗೆದುಕೊಂಡು, ಮಧ್ಯಾಹ್ನ ಮನೆಯಲ್ಲಿ ನಿಶ್ಚಿತಾರ್ಥ. "ಅಮ್ಮಾ, ನೀನು ಆ ನಾಕು ದಿನ ಸುಗುಣಾಂಟಿ ಮನೇಲಿರು. ಅವರು ಕೇಳ್ತಾರೆ, ಕೇಳಿದ್ರೆ ನೀನು ನಿಜ ಹೇಳ್ಬಿಡ್ತೀಯ" ಎಂದು ಜಯಪಾಲ ನನ್ನ ಕಾಲು ಹಿಡಿದುಕೊಂಡ. ಸುಳ್ಳು ಹೇಳಬಾರದು ಎಂದು ಸಂಡೇ ಸ್ಕೂಲಿನಲ್ಲಿ ಅವನಿಗೆ ಕಲಿಸಿದವಳು ನಾನೇ. ಶರೋನ್‌ಗೂ ಗೊತ್ತು. ಅವಳೇ ನನ್ನ ಸೀರೆ ಮಡಿಸಿ ಬ್ಯಾಗಿಗೆ ಇಟ್ಟಳು. "ಬೇಜಾರಾ ಅಜ್ಜಿ?" ಎಂದು ಕೇಳಿದಳು. ಇಲ್ಲ ಎಂದೆ.

ಒಪ್ಪಿಕೊಂಡಿದ್ದೇನೆ ಕಣೇ. ಆ ಭಾನುವಾರದ ಹಿಂದಿನ ಶುಕ್ರವಾರದ ಬಸ್ಸಿಗೆ ಬರುತ್ತೇನೆ. ಅಜ್ಜಿ ಎಲ್ಲಿ ಎಂದು ಅವರು ಕೇಳಿದರೆ, ನಿನಗೆ ಬಹಳ ಸೀರಿಯಸ್ಸು, ನೋಡಿಕೊಳ್ಳಲು ಹೋಗಿದ್ದಾಳೆ ಎಂದು ಹೇಳುತ್ತಾರಂತೆ. ಮ್ಯಾನೇಜರ ಹೆಂಡತಿ ನಿನ್ನನ್ನು ವಿಚಾರಿಸಲು ಫೋನು ಮಾಡಿದರೂ ಮಾಡಿಯಾಳು. ಹಾಗೇನಾದರೂ ಮಾಡಿದರೆ, ನಿನ್ನ ದಮ್ಮಯ್ಯ, ಸ್ವಲ್ಪ ಕೆಮ್ಮಿಬಿಡು.