ಮಾತು ಶುರುವಾಗುವ ಜಾಗ

ಮಾರ್ಚ್ 3, ಮಂಗಳವಾರ

ಪಟ್ಟಿಗೆ ಇಂದು ಆರನೆಯ ಕಾಲಂ ಸೇರಿಸಿದೆ — ಭದ್ರತೆ. ಐದು ಆಪರೇಟಿಂಗ್ ಸಿಸ್ಟಮ್, ಆರು ಗುಣ, ಪ್ರತಿ ಗುಣಕ್ಕೂ ಹತ್ತು ಅಂಕ. ಪ್ರಾಧ್ಯಾಪಕರು ನಮ್ಮನ್ನು ಅಳೆಯುವಷ್ಟೇ ನಿರ್ದಾಕ್ಷಿಣ್ಯವಾಗಿ ಅಳೆಯುತ್ತಿದ್ದೇನೆ. ಮೂರು ವರ್ಷದಿಂದ ತರಗತಿಯ ಮೊದಲ ಸ್ಥಾನವನ್ನು ಯಾರಿಗೂ ಬಿಟ್ಟುಕೊಡದವಳು ಅಂದಾಜಿನ ಮೇಲೆ ಆರಿಸಿದರೆ ಶೋಭೆಯೇ?

ಲ್ಯಾಪ್‌ಟಾಪ್ ಚಿಕ್ಕಮ್ಮನದು. ವೈದ್ಯರು ಧ್ವನಿಮುದ್ರಿಸಿ ಕಳಿಸುವ ರೋಗಿಗಳ ವಿವರಗಳನ್ನು ಕೇಳಿ ಟೈಪ್ ಮಾಡುವುದು ಆಕೆಯ ಕೆಲಸ. ನಮ್ಮ ಮನೆಯ ಹಿಂದಿನ ಕೋಣೆಯೇ ಕಚೇರಿ. ಆಕೆಗೆ ಹುಟ್ಟಿನಿಂದಲೂ ಕಣ್ಣು ಕಾಣದು. ಪರದೆಯ ಮೇಲಿರುವುದನ್ನೆಲ್ಲ ಯಂತ್ರವೇ ಓದಿ ಹೇಳುತ್ತದೆ. ಈಗಿರುವ ಸಿಸ್ಟಮ್‌ಗೆ ಅಪ್‌ಡೇಟ್ ಬರುವುದು ನಿಂತು ವರ್ಷವಾಯಿತು. ಆಸ್ಪತ್ರೆಯಿಂದ ಪತ್ರ ಬಂದಿದೆ — ಸೋಮವಾರ, ಒಂಬತ್ತನೆಯ ತಾರೀಖು, ಬೆಳಗ್ಗೆ ಹತ್ತರೊಳಗೆ ಹೊಸ ಸಿಸ್ಟಮ್‌ನಿಂದ ಒಂದು ಪರೀಕ್ಷಾ ಕಡತ ಕಳಿಸಬೇಕು. ತಪ್ಪಿದರೆ ಕೆಲಸ ಹೋಯಿತು.

"ಅಂಗಡಿಯವನಿಗೆ ಕೊಟ್ಬಿಡೋಣ್ವೇನೇ?" ಎಂದಳು ಅಮ್ಮ.

ನಾನು ಮನೆಯಲ್ಲಿರುವಾಗ ಅಂಗಡಿಯಂತೆ!

ಮಾರ್ಚ್ 4, ಬುಧವಾರ, ಸಂಜೆ 6

ಚಿಕ್ಕಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಏನಮ್ಮಾ ರ‍್ಯಾಂಕ್ ರಾಣಿ, ಸ್ವಯಂವರ ಎಲ್ಲಿಗೆ ಬಂತು?"

"ಮುಗೀತು ಚಿಕ್ಕಮ್ಮ. ಗೆದ್ದಿದ್ದು ಅರವತ್ತಕ್ಕೆ ಐವತ್ತೇಳು ತಗೊಂಡಿದೆ."

"ಅದು ಮಾತಾಡೋಕೆ ಶುರು ಮಾಡೋದು ಯಾವಾಗಿಂದ?"

"ಲಾಗಿನ್ ಪರದೆಯಿಂದ."

"ಅದಕ್ಕೂ ಮೊದ್ಲು?"

"ಅದಕ್ಕೂ ಮೊದ್ಲು ಮಾತಾಡಿ ಏನಾಗ್ಬೇಕು? ಇನ್‌ಸ್ಟಾಲ್ ಮಾಡೋಳು ನಾನು ತಾನೇ?"

ಕೊನೆಯ ಸ್ಥಾನ ಯಾವುದಕ್ಕೆ ಬಂತು ಎಂದು ಕೇಳಿದಳು. ಹೇಳಿದೆ. ಬಹಳ ಹಳೆಯದೊಂದು, ಮೂವತ್ತೊಂದು ಅಂಕ.

"ಅದರ ಇನ್‌ಸ್ಟಾಲರ್ ಮೊದಲ ಹೆಜ್ಜೆಯಿಂದ್ಲೇ ಮಾತಾಡುತ್ತಂತೆ ಕಣೇ. ನನ್ನ ಜೊತೆ ಕೆಲಸ ಮಾಡೋಳೊಬ್ಬಳು ಹೇಳ್ತಿದ್ಲು."

"ಅದನ್ನ ನೋಡಿದ್ರೆ ಮುಖ ತೊಳೀದೆ ಎದ್ದು ಬಂದ ಹಾಗಿದೆ ಚಿಕ್ಕಮ್ಮ. ಅಂದಚೆಂದಕ್ಕೆ ಹತ್ತಕ್ಕೆ ಎರಡು ಕೊಟ್ಟಿದೀನಿ."

"ಓಹೋ, ಅಂದಚೆಂದಕ್ಕೂ ಅಂಕ ಇದೆಯಾ? ನನ್ನ ಕಷ್ಟ ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದೀಯ, ತಾಯಿ!"

ನಕ್ಕಳು. ನಾನೂ ನಕ್ಕೆ. ಪಟ್ಟಿಯನ್ನು ಮಾತ್ರ ತಿದ್ದಲಿಲ್ಲ.

ಮಾರ್ಚ್ 5, ಗುರುವಾರ

ಮುಗಿಸಿದೆ. ಎರಡು ಗಂಟೆ ಹತ್ತು ನಿಮಿಷ.

ಮೊದಲು ಆಕೆಯ ಕಡತಗಳನ್ನೆಲ್ಲ ಹೊರಗಿನ ಡಿಸ್ಕ್‌ಗೆ ಬ್ಯಾಕಪ್ ಮಾಡಿ, ಲೆಕ್ಕ ಎರಡು ಸಲ ತಾಳೆ ನೋಡಿದೆ. ಆಮೇಲೆ ಒಳಗಿನ ಡಿಸ್ಕ್ ಪೂರ್ತಿ ಅಳಿಸಿದೆ. ಹಳೆಯದರ ಧೂಳಿನ ಕಣವೂ ಉಳಿಯಬಾರದು — ಕ್ಲೀನ್ ಇನ್‌ಸ್ಟಾಲ್ ಎಂದರೆ ಕ್ಲೀನ್. ರೋಗಿಗಳ ಗುಟ್ಟುಗಳಿರುವ ಯಂತ್ರವಲ್ಲವೇ? ಇಡೀ ಡಿಸ್ಕ್‌ಗೇ ಬೀಗ ಹಾಕಿದೆ. ಇಪ್ಪತ್ತೆರಡು ಅಕ್ಷರದ ಪಾಸ್‌ವರ್ಡ್. ಯಾರೂ ಹೇಳಿರಲಿಲ್ಲ, ನನಗೇ ಹೊಳೆದದ್ದು. ಕದ್ದವನ ಕೈಗೆ ಕಬ್ಬಿಣದ ಕಡಲೆ.

ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಕಾಲೇಜಿನ ಲ್ಯಾಬಿನಲ್ಲೂ ಕಂಡಿಲ್ಲ.

ಮಾರ್ಚ್ 6, ಶುಕ್ರವಾರ, ಬೆಳಗ್ಗೆ 9

ಬರೆಯಲು ಕೈ ಬಾರದು. ಆದರೂ ಬರೆಯುತ್ತೇನೆ.

ಚಿಕ್ಕಮ್ಮ ಸ್ವಿಚ್ ಒತ್ತಿದಳು. ಕಾದಳು. ನಿಮಿಷವಾಯಿತು, ಎರಡಾಯಿತು. ಸದ್ದಿಲ್ಲ.

"ಸತ್ತಿದೆಯೇನೇ ಇದು?"

ಇಣುಕಿದೆ. ಪಾಸ್‌ವರ್ಡ್ ಕೇಳುತ್ತ ನಿಂತಿತ್ತು. ಡಿಸ್ಕ್‌ನ ಬೀಗ ತೆಗೆಯದೆ ಸಿಸ್ಟಮ್ ಏಳುವುದಿಲ್ಲ. ಸಿಸ್ಟಮ್ ಏಳದೆ ಧ್ವನಿ ಏಳುವುದಿಲ್ಲ. ಮನೆಯ ಹೆಬ್ಬಾಗಿಲಿಗೇ ಮೂಗನನ್ನು ಕಾವಲಿಟ್ಟಿದ್ದೆ. ಗೊತ್ತಿರದ ಸಂಗತಿಯೇನಲ್ಲ. ಪರೀಕ್ಷೆಯಲ್ಲಿ ಇದನ್ನೇ ಚಿತ್ರ ಸಮೇತ ಬರೆದು ಪೂರ್ಣ ಅಂಕ ಪಡೆದಿದ್ದೇನೆ.

"ಎಣಿಸ್ಕೊಂಡು ಟೈಪ್ ಮಾಡ್ಬಹುದು ಚಿಕ್ಕಮ್ಮ. ನಲವತ್ತು ಸೆಕೆಂಡ್ ಆದ್ಮೇಲೆ..."

"ಒಂದಕ್ಷರ ತಪ್ಪಿದ್ರೆ? ತಪ್ಪಿದೆ ಅಂತ ಯಾರು ಹೇಳ್ತಾರೆ?"

ಆಗ ಆ ಮಾತು ಆಡಿಬಿಟ್ಟೆ. "ನಾನಿದ್ದೀನಲ್ಲ, ದಿನಾ ಬೆಳಗ್ಗೆ ಬಂದು ಹಾಕ್ಕೊಡ್ತೀನಿ."

ಚಿಕ್ಕಮ್ಮನ ಕೈಗಳು ಕೀಲಿಗಳ ಮೇಲೆಯೇ ನಿಂತವು. ದನಿ ಏರಿಸಲಿಲ್ಲ.

"ಹದಿನಾಲ್ಕು ವರ್ಷದಿಂದ ನನ್ನ ಕೆಲಸ ನಾನೇ ಶುರು ಮಾಡಿದೀನಿ, ಪುಟ್ಟೀ. ಈಗ ಬಾಗಿಲು ತೆಗೆಯೋಕೆ ನಿನ್ನ ಕೂಗ್ಬೇಕಾ? ನೀನು ಪರೀಕ್ಷೆಗೆ ಹೋದ ದಿನ? ನೀನು ಮನೆ ಬಿಟ್ಟು ಹೋದ ವರ್ಷ?"

ಜೀವನದಲ್ಲಿ ಮೊದಲ ಬಾರಿ ಖಾಲಿ ಉತ್ತರಪತ್ರಿಕೆ.

"ಆ ಮೂವತ್ತೊಂದು ಅಂಕದೋನನ್ನ ಪೆನ್‌ಡ್ರೈವ್‌ಗೆ ಹಾಕ್ಕೊಡು," ಎಂದಳು. "ಅಷ್ಟು ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ನೋಡಿಕೊಳ್ಳುತ್ತಾಳಂತೆ. ಡಿಸ್ಕ್ ಅಳಿಸುವುದೆಂದರೆ ಆಟವೇ?

ಮಾರ್ಚ್ 8, ಭಾನುವಾರ, ಮಧ್ಯಾಹ್ನ 3

ನಿನ್ನೆಯಿಡೀ ಆಕೆ ಕಿವಿಗೆ ಫೋನ್ ಹಚ್ಚಿ ಆ ಜೊತೆಗಾತಿಯಿಂದ ಪಾಠ ಕೇಳುತ್ತಿದ್ದಳು. ನನ್ನನ್ನು ಕರೆಯಲಿಲ್ಲ. ಇಂದು ಊಟವಾದ ಮೇಲೆ ಕರೆದಳು.

"ಸ್ವಿಚ್ ಒತ್ತಿದ ತಕ್ಷಣ ಬರೋ, ಪೆನ್‌ಡ್ರೈವ್ ಆರಿಸೋ ಮೆನು ಮಾತಾಡಲ್ಲ. ಅದೊಂದು ಆರಿಸ್ಕೊಡು. ಕಣ್ಣು ಬೇಕಾಗಿರೋದು ಅಷ್ಟಕ್ಕೇ. ಆಮೇಲೆ ಬಾಯಿಗೆ ಬೀಗ."

ಆರಿಸಿಕೊಟ್ಟೆ. 'ಬೀಪ್' ಎಂದಿತು. ಆಕೆ ಒಂದು ಅಕ್ಷರ ಒತ್ತಿ ಎಂಟರ್ ಮಾಡಿದಳು. ಯಂತ್ರ ಬಾಯಿ ಬಿಟ್ಟಿತು! ಹೊಸ ಸಿಸ್ಟಮ್ ಇನ್ನೂ ಒಳಗೆ ಇಳಿದೇ ಇಲ್ಲ, ಆಗಲೇ ಮಾತು.

ಆಕೆ ಧ್ವನಿಯ ವೇಗ ಏರಿಸಿದಳು. ಮತ್ತೆ ಏರಿಸಿದಳು. ಕಾದ ಬಾಣಲೆಯಲ್ಲಿ ಕಾಳು ಸಿಡಿದಂತೆ ಕೇಳಿಸಿತು — ನನಗೆ ಒಂದು ಪದವೂ ದಕ್ಕಲಿಲ್ಲ. ಆಕೆ ತಲೆದೂಗುತ್ತಿದ್ದಳು. ಭಾಷೆ, ಕೀಲಿಮಣೆ, ನೆಟ್‌ವರ್ಕ್. ನಾನು ಪರದೆಯ ಮೇಲಿನ ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಆಕೆ ಮುಂದಿನದಕ್ಕೆ ಉತ್ತರ ಕೊಟ್ಟಾಗಿತ್ತು. ತರಗತಿಯಲ್ಲಿ ಎಲ್ಲರಿಗಿಂತ ಬೇಗ ಓದುವವಳು ನಾನು ಎಂದುಕೊಂಡಿದ್ದೆ.

ಡಿಸ್ಕ್ ಆರಿಸುವ ಹೆಜ್ಜೆ ಬಂತು. ಇಲ್ಲಿ ಎಡವಿದರೆ ಹದಿನಾಲ್ಕು ವರ್ಷದ ಬ್ಯಾಕಪ್ ನೆಲಸಮ. ಬಾಯಿಗೆ ಹಾಕಿದ ಬೀಗ ಮರೆತೆ.

"ಚಿಕ್ಕಮ್ಮ, ಎರಡನೇದು ಬ್ಯಾಕಪ್ ಡಿಸ್ಕು, ಹುಷಾರು—"

"ಎಲ್ಲಿದೆ ಎರಡನೇದು?"

ನೋಡಿದೆ. ಹೊರಗಿನ ಡಿಸ್ಕ್ ತಂತಿಯಿಂದ ಬಿಡಿಸಿಕೊಂಡು ಆಕೆಯ ಮಡಿಲಲ್ಲಿತ್ತು.

"ಕಣ್ಣಿರೋರು ಹೆಸರು ಓದಿ ಹುಷಾರಾಗಿರ್ತಾರೆ. ನಾನು ಕಿತ್ತು ಮಡಿಲಲ್ಲಿ ಇಟ್ಕೋತೀನಿ. ಇಲ್ಲದೆ ಇರೋದನ್ನ ಯಾರು ಅಳಿಸ್ತಾರೆ?"

ಗುರುವಾರ ನಾನು ಅಳಿಸಿದಾಗ ಅದು ತಂತಿಯ ತುದಿಯಲ್ಲೇ ನೇತಾಡುತ್ತಿತ್ತು. ಲೆಕ್ಕ ಎರಡು ಸಲ ತಾಳೆ ನೋಡಿದವಳಿಗೆ ಅದು ಹೊಳೆದಿರಲಿಲ್ಲ.

ಕಡತಗಳು ಇಳಿಯುವಾಗ ಯಂತ್ರ ಮೌನವಾಯಿತು. ಆಕೆ ಅಂಗೈಯನ್ನು ಕೀಲಿಗಳ ಪಕ್ಕ ಊರಿ ಕುಳಿತಳು, ಮಗುವಿಗೆ ಜ್ವರ ನೋಡುವ ಹಾಗೆ. "ಓಡ್ತಿದೆ," ಎಂದಳು. ಇನ್ನೂ ಸ್ವಲ್ಪ ಹೊತ್ತಿಗೆ, "ಹಾಂ, ಮುಗೀತು ನೋಡು." ಒಂದು ಕ್ಷಣ ಕಳೆದು ಪರದೆಯೂ ಅದನ್ನೇ ಹೇಳಿತು. ಪರದೆಯೇ ತಡ!

ಇಡೀ ಡಿಸ್ಕ್‌ಗೆ ಬೀಗ ಹಾಕಲಿಲ್ಲ. ರೋಗಿಗಳ ಕಡತಗಳಿಗೆಂದು ಬೇರೆ ಫೋಲ್ಡರ್ ಮಾಡಿ ಅದಕ್ಕೆ ಮಾತ್ರ ಹಾಕಿದಳು.

"ಬೀಗ ಇರ್ಲಿ ಕಣೇ, ಬೇಡ ಅನ್ನಲ್ಲ. ಆದ್ರೆ ಮಾತು ಶುರುವಾದ ಮೇಲಿನ ಬಾಗಿಲಿಗೆ ಹಾಕು."

ಈ ಒಂದು ವಾಕ್ಯ ನನ್ನ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆಕೆಯ ಪಕ್ಕ ಕುಳಿತು ಬೆಟ್ಟದ ಬುಡದಲ್ಲಿ ಕುಳಿತಂತೆ ಅನಿಸಿತು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ತಲೆಯೆತ್ತಿ ನೋಡಿರಲಿಲ್ಲ.

ಮಾರ್ಚ್ 9, ಸೋಮವಾರ, ಬೆಳಗ್ಗೆ 9.50

ಪರೀಕ್ಷಾ ಕಡತ ಎಂಟೂವರೆಗೇ ಹೋಯಿತು. ಸ್ವಿಚ್ ಒತ್ತಿದ್ದು ಆಕೆ, ಕಳಿಸಿದ್ದು ಆಕೆ. ನಾನು ಹೊಸ್ತಿಲಿಂದ ಒಳಗೆ ಕಾಲಿಟ್ಟಿಲ್ಲ. ಅಮ್ಮನಂತೂ ಅಡುಗೆಮನೆಗೂ ಹಿಂದಿನ ಕೋಣೆಗೂ ನಡೆದು ನಡೆದು ನೆಲ ಸವೆಸಿದಳು.

9.57. ಆಸ್ಪತ್ರೆಯಿಂದ ಫೋನ್. ಒಪ್ಪಿದ್ದಾರೆ! ಯಾರು ಇನ್‌ಸ್ಟಾಲ್ ಮಾಡಿದ್ದು ಎಂದು ಕೇಳಿರಬೇಕು.

"ನಾನೇ ಮೇಡಂ. ಹಾಂ, ಅಕ್ಕನ ಮಗಳಿದ್ಲು ಪಕ್ಕದಲ್ಲಿ. ಕ್ಲಾಸಿಗೇ ಫಸ್ಟು. ಒಂದು ಮೆನು ಅವಳೇ ಆರಿಸಿಕೊಟ್ಲು."

ಅಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಆ ಒಂದು ಮೆನುವಿನ ಬಗ್ಗೆ ಹೆಮ್ಮೆಯಾಯಿತು, ನಿಜವಾಗಿ.

ಮಾರ್ಚ್ 15, ಭಾನುವಾರ

ಕಣ್ಣು ಕಾಣದ ಇನ್ನೂ ನಾಲ್ವರು ಇದೇ ಪತ್ರ ಹಿಡಿದು ಕುಳಿತಿದ್ದಾರಂತೆ. ಅವರಿಗೆ ತಿಂಗಳ ಕೊನೆಯವರೆಗೆ ಗಡುವು. ಚಿಕ್ಕಮ್ಮ ಅವರಿಗೆಂದು ಹೆಜ್ಜೆಗಳನ್ನು ಬರೆದುಕೊಡಲು ಒಪ್ಪಿದ್ದಾಳೆ. ಒಪ್ಪಿ, ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾಳೆ.

"ನೀನು ಬರಿ. ನಾನು ಅಂಕ ಹಾಕ್ತೀನಿ."

ಮೊದಲ ಪ್ರತಿಯನ್ನು ಯಂತ್ರ ಓದಿತು. 'ಬಲಗಡೆಯ ನೀಲಿ ಗುಂಡಿಯನ್ನು ಒತ್ತಿ' ಎಂಬಲ್ಲಿಗೆ ನಿಲ್ಲಿಸಿದಳು. ಹತ್ತಕ್ಕೆ ಎರಡು. ಎರಡನೆಯದಕ್ಕೆ ನಾಲ್ಕು. ಈ ಮನೆಯಲ್ಲಿ ಇಷ್ಟು ಕಡಿಮೆ ಅಂಕ ಯಾರೂ ತೆಗೆದಿಲ್ಲ. ಇಷ್ಟು ಸಂತೋಷದಿಂದಂತೂ ಇಲ್ಲ.

ಮೂರನೆಯದಕ್ಕೆ ಕುಳಿತಿದ್ದೇನೆ. 'ಪರದೆಯ ಮೇಲೆ ಕಾಣುವ' ಎಂದು ಬರೆದು ಹೊಡೆದುಹಾಕಿದೆ. 'ಗಮನಿಸಿ ನೋಡಿ' ಎಂದು ಬರೆದೆ, ಅದನ್ನೂ ಹೊಡೆದೆ. ಕಣ್ಣು ಮುಚ್ಚಿದೆ. ಅಂಗೈಯನ್ನು ಯಂತ್ರದ ಮೇಲೆ ಊರಿದೆ. ಬೆಚ್ಚಗಿದೆ. ಒಳಗೆ ಏನೋ ತಿರುಗುತ್ತಿದೆ, ನಿಂತಿತು, ಮತ್ತೆ ತಿರುಗಿತು... ಬರೆಯಬಹುದು ಅನ್ನಿಸುತ್ತಿದೆ. ಮೊದಲ ಸಾಲು: 'ಅಂಗೈಯನ್ನು ಕೀಲಿಗಳ ಪಕ್ಕ ಊರಿ.'